ಅಪ್ಪನಿಗೆ ಮಾತು ಬಾರದ ದಿನ

ನಾನು ಚಿಕ್ಕವನಿದ್ದಾಗ, ದೇವರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ನಗುವುದಾದರೆ ಈಗಲೇ ನಕ್ಕುಬಿಡಿ ಮಕ್ಕಳೇ, ಮುಂದೆ ನಗಲಿಕ್ಕೆ ಹೆಚ್ಚು ಜಾಗವಿಲ್ಲ. ನಾವು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದವರು. ಅಪ್ಪನಿಗೆ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ. ಬೇಗಂಪೇಟೆಯ ಹತ್ತಿರ ಎರಡು ಕೋಣೆಯ ಮನೆ. ವಿಮಾನ ಇಳಿಯುವಾಗಲೆಲ್ಲ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಅಲುಗುತ್ತಿದ್ದವು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ರಸ್ತೆ ದಾಟಿದರೆ ಹಿಂದಿ.

ಭಾನುವಾರ ಚರ್ಚಿನಲ್ಲಿ ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲವೂ ತೆಲುಗಿನಲ್ಲೇ. ಅಲ್ಲಿ ಅಪ್ಪನೂ ತೆಲುಗಿನಲ್ಲಿ ಪ್ರಾರ್ಥಿಸುತ್ತಿದ್ದ. ಪಕ್ಕದ ಮನೆಯ ಹುಡುಗನ ಜ್ವರಕ್ಕೆ ಎಲ್ಲರೂ ತೆಲುಗಿನಲ್ಲಿ ಬೇಡಿಕೊಂಡರು, ಅವನು ಮರುದಿನವೇ ಗೋಲಿ ಆಡುತ್ತಿದ್ದ. ನಾನು ಮನೆಯಲ್ಲಿ ಕನ್ನಡದಲ್ಲಿ ಬೇಡಿದ ಕ್ರಿಕೆಟ್ ಬ್ಯಾಟು ಮಾತ್ರ ಬರಲೇ ಇಲ್ಲ. ನನ್ನ ಲೆಕ್ಕ ಸರಳವಾಗಿತ್ತು. ಕನ್ನಡದ ಪ್ರಾರ್ಥನೆ ಬೇಗಂಪೇಟೆ ಸ್ಟೇಷನ್ನಿನಲ್ಲಿ ರೈಲು ಹತ್ತಿ, ರಾಯಚೂರಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಅದಕ್ಕೇ ತಡ.

ಅಪ್ಪನ ಪ್ರಾರ್ಥನೆಯ ಬಗ್ಗೆ ಒಂದು ಮಾತು ಹೇಳಬೇಕು. ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನಾಕೂಟವಿದ್ದರೆ ಜನ ಅಪ್ಪನನ್ನೇ ಕರೆಯುತ್ತಿದ್ದರು. ಅಪ್ಪ ಕಣ್ಣು ಮುಚ್ಚಿದನೆಂದರೆ ರೋಗಿಗಳು, ವಿಧವೆಯರು, ಪೊಲೀಸರು, ಬಸ್ ಡ್ರೈವರುಗಳು, ಕಾರ್ಖಾನೆಯ ಬಾಯ್ಲರು, ಯಾರೂ ಯಾವುದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಚಹಾ ಆರುತ್ತಿದೆ ಎಂದು ಅವ್ವ ಮೆಲ್ಲಗೆ ಕೆಮ್ಮುತ್ತಿದ್ದಳು. ಅಪ್ಪ ಕೆಮ್ಮುವವರನ್ನೂ ಸೇರಿಸಿ ಪ್ರಾರ್ಥಿಸುತ್ತಿದ್ದ. ಇಂಥ ಮನುಷ್ಯನಿಗೆ ಮಾತು ಕಡಿಮೆಯಾಗುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಒಂದು ದಿನ ಬೆಳಗಾಗುವ ಹೊತ್ತಿಗೆ ಅಕ್ಕ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಹಿಂದಿನ ದಿನವೇ ನೋವು ಶುರುವಾಗಿತ್ತು. ಅವ್ವ ಓಮಿನ ಕಾಳಿನ ನೀರು ಕುಡಿಸಿದ್ದಳು, ಬಿಸಿನೀರಿನ ಬಾಟಲಿ ಇಟ್ಟಿದ್ದಳು. ಯಾವುದೂ ನಾಟಲಿಲ್ಲ. ಅಕ್ಕನ ತುಟಿ ಸುಣ್ಣದಂತೆ ಬಿಳುಚಿಕೊಂಡಿತ್ತು. ಅಪ್ಪ ಆಟೋ ತಂದ. ತಮ್ಮ ಎಳೆಗೂಸಾದ್ದರಿಂದ ಅವ್ವ ಮನೆಯಲ್ಲೇ ಉಳಿಯಬೇಕಾಯಿತು. ಅಕ್ಕ ನನ್ನ ಕೈ ಬಿಡಲಿಲ್ಲ, ಹಾಗಾಗಿ ನಾನೂ ಹತ್ತಿದೆ. ರಸ್ತೆಯ ಒಂದೊಂದು ಕುಣಿಗೂ ಅವಳ ಉಗುರು ನನ್ನ ಅಂಗೈಗೆ ಚುಚ್ಚುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿದರು, ಅವಳು ಕಿರುಚಿದಳು. ಅವರು ಅಪ್ಪನಿಗೆ ತೆಲುಗಿನಲ್ಲಿ ಏನೇನೋ ಹೇಳಿದರು. ಅದರಲ್ಲಿ ನನಗೆ ಅಪೆಂಡಿಕ್ಸ್ ಎಂಬುದು ಕೇಳಿಸಿತು, ಮತ್ತೆ "ಆಲಸ್ಯಂ ಅಯಿಂದಿ" ಎಂಬುದು ಅರ್ಥವಾಯಿತು. ತಡವಾಗಿದೆ. ಅಷ್ಟೂ ಅರ್ಥವಾಗದಿದ್ದರೇ ಚೆನ್ನಾಗಿತ್ತು.

ಅಕ್ಕನನ್ನು ಗಾಲಿ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಅವಳು ತಲೆ ತಿರುಗಿಸಿ ನನ್ನನ್ನು ನೋಡಿ, "ಅಳಬ್ಯಾಡ. ಮೂಗು ಒರಿಸ್ಕೊ ಮೊದಲ" ಎಂದಳು. ಹಸಿರು ಪರದೆಯ ಬಾಗಿಲು ಮುಚ್ಚಿತು.

ಆ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತಿತ್ತು. ಕೂರಲು ಏನೂ ಇರಲಿಲ್ಲ, ಎಲ್ಲರೂ ನೆಲದ ಮೇಲೆಯೇ. ನಮ್ಮ ಎದುರಿಗೆ ಕಪ್ಪು ಬುರ್ಖಾದ ಒಬ್ಬ ಮುದುಕಿ ಕೂತಿದ್ದರು. ಅವರ ಯಜಮಾನರೂ ಅದೇ ಬಾಗಿಲಿನ ಒಳಗಿದ್ದರು. ಮುದುಕಿಯ ತುಟಿ ಸುಮ್ಮನೆ ಅಲುಗುತ್ತಿತ್ತು, ಬೆರಳಲ್ಲಿ ಜಪಮಣಿ ಸರಿಯುತ್ತಿತ್ತು.

ನನಗೆ ಅವಸರ ಶುರುವಾಯಿತು. ಕನ್ನಡದಲ್ಲಿ ಬೇಡಿದರೆ ಅದು ರಾಯಚೂರು ಮುಟ್ಟುವಷ್ಟರಲ್ಲಿ ಅಕ್ಕನ ಗತಿ? ತೆಲುಗಿನಲ್ಲೇ ಬೇಡಬೇಕು. "ಪ್ರಭುವಾ" ಎಂದೆ. ಮುಂದೆ ಬರಲಿಲ್ಲ. ನನಗೆ ಗೊತ್ತಿದ್ದುದೆಲ್ಲ ಅಂಗಡಿಯ ತೆಲುಗು. ಎಷ್ಟು, ಸ್ವಲ್ಪ ಕಡಿಮೆ ಮಾಡಿ, ಚಿಲ್ಲರೆ ಕೊಡಿ. ಚೌಕಾಸಿ ಮಾಡುವವನಂತೆ ಮಾತಾಡಿದರೆ ದೇವರು ಸಿಟ್ಟಾಗಿಬಿಟ್ಟರೆ? ಎದೆಯ ಮೇಲೆ ಯಾರೋ ಕೂತಂತಾಯಿತು. ಉಸಿರು ಗಂಟಲಿನಿಂದ ಕೆಳಗಿಳಿಯಲಿಲ್ಲ. ಬೆರಳ ತುದಿಗಳು ಜುಮ್ಮೆಂದವು. ನಾನೇ ಸಾಯುತ್ತಿದ್ದೇನೆ ಎಂದುಕೊಂಡೆ.

"ಅಪ್ಪಾ, ನೀ ಪ್ರಾರ್ಥನಾ ಮಾಡು. ತೆಲುಗಿನ್ಯಾಗ ಮಾಡು, ಲಗೂ ಮುಟ್ಟತೈತಿ" ಎಂದು ಅವನ ಅಂಗಿ ಜಗ್ಗಿದೆ.

ಅಪ್ಪ ಕಣ್ಣು ಮುಚ್ಚಿದ, ಬಾಯಿ ತೆರೆದ. ನಾನು ಕಾದೆ. ರೋಗಿಗಳು ಬರಲಿಲ್ಲ, ವಿಧವೆಯರು ಬರಲಿಲ್ಲ, ಯಾವ ಬಸ್ ಡ್ರೈವರೂ ಬರಲಿಲ್ಲ.

"ಮಾತ ಬರವಲ್ದು, ಮಗಾ" ಎಂದ. ನನ್ನನ್ನು ಎದೆಗೆ ಒತ್ತಿಕೊಂಡು, "ಉಸಿರೊಂದು ಐತಿ. ಅದನ್ನ ಕೊಡೂಣು" ಎಂದ.

ಹೇಗೆಂದು ತೋರಿಸಿದ. ಉಸಿರು ಒಳಗೆ ಎಳೆಯುವಾಗ ಮನಸ್ಸಿನಲ್ಲೇ 'ಕರ್ತನೇ' ಎನ್ನಬೇಕು. ಬಿಡುವಾಗ 'ಕರುಣಿಸು' ಎನ್ನಬೇಕು. ಬಿಡುವುದು ಎಳೆಯುವುದಕ್ಕಿಂತ ನಿಧಾನ, ಬಿಸಿ ಚಹಾ ಊದಿದ ಹಾಗೆ. ನನಗೆ ಮೊದಲು ಆಗಲಿಲ್ಲ, 'ಕರ್' ಎನ್ನುವಷ್ಟರಲ್ಲಿ ಬಿಕ್ಕು ಬರುತ್ತಿತ್ತು. "ಇರ್ಲಿ, ಮತ್ತ ಎಳಿ" ಎಂದ. ಅವನ ಎದೆಗೆ ಕಿವಿ ಇಟ್ಟಾಗ ನನಗೊಂದು ತಿಳಿಯಿತು. ಅಪ್ಪನ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನನಗೆ ಎಷ್ಟು ಭಯವಾಯಿತೆಂದರೆ, ಅಕ್ಕನಿಗಿಂತ ಮೊದಲು ಅಪ್ಪನಿಗಾಗಿ 'ಕರುಣಿಸು' ಎಂದೆ.

ಕರ್ತನೇ. ಕರುಣಿಸು. ಫ್ಯಾನು ಕಿರ್ರೆನ್ನುತ್ತಿತ್ತು, ಬಾಗಿಲು ಮುಚ್ಚಿಯೇ ಇತ್ತು. ಹೊತ್ತು ಹೋದಂತೆ ಅವನ ಎದೆ ಏರುವಾಗ ನನ್ನದೂ ಏರತೊಡಗಿತು. ಬೆರಳುಗಳಿಗೆ ಜೀವ ಬಂತು. ಭಯ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಭಯದ ಜೊತೆಗೇ ಉಸಿರಾಡಲು ಸಾಧ್ಯವಾಯಿತು.

"ಅಪ್ಪಾ, ದೇವ್ರಿಗೆ ಇದು ತಿಳಿತೈತೇನು?"

"ಉಸಿರು ಕೊಟ್ಟಾಂವ ಅವನ. ಅವಂಗ ತಿಳಿಯಂಗಿಲ್ಲೇನು?"

ಬಿಸಿಲು ಕಿಟಕಿಯಿಂದ ಸರಿದು ನಮ್ಮ ಕಾಲಿನ ಮೇಲೆ ಬಿದ್ದ ಹೊತ್ತಿಗೆ ನರ್ಸಮ್ಮ ಬಾಗಿಲು ತೆರೆದಳು. ಆಪರೇಷನ್ ಆಗಿದೆ, ಹುಡುಗಿ ಉಳಿದಳು ಎಂದಳು. ನಾನು ನೆಗೆದು ಕುಣಿದೆ. ಅಪ್ಪ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ.

ಸ್ವಲ್ಪ ಹೊತ್ತಿಗೆ ಅದೇ ಬಾಗಿಲು ಮತ್ತೆ ತೆರೆಯಿತು. ಡಾಕ್ಟರೇ ಹೊರಗೆ ಬಂದು ಮುದುಕಿಯ ಮುಂದೆ ಬಗ್ಗಿ ಮೆಲ್ಲಗೆ ಮಾತಾಡಿದರು. ಆಕೆಯ ಗಂಡ ಉಳಿಯಲಿಲ್ಲ. ಆಕೆ ಒಮ್ಮೆ ಕೂಗಿದರು, ಆಮೇಲೆ ಉಸಿರೇ ಸಿಗದವರಂತೆ ಬಾಯಿ ತೆರೆದು ತೆರೆದು ಮುಚ್ಚತೊಡಗಿದರು. ನನ್ನ ಕುಣಿತ ಅಲ್ಲೇ ನಿಂತಿತು. "ಅಪ್ಪಾ, ಅವರ ಪ್ರಾರ್ಥನಾ ಮುಟ್ಟಲಿಲ್ಲೇನು?" ಎಂದು ಕೇಳಿದೆ.

ಅಕ್ಕನನ್ನು ನೋಡಲು ಒಳಗೆ ಕರೆಯುವುದಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ಪಡಸಾಲೆ ದಾಟಿ ಹೋಗಿ, ಆಕೆಯ ಪಕ್ಕದಲ್ಲಿ ಒಂದು ಮೊಳ ಬಿಟ್ಟು ನೆಲದ ಮೇಲೆ ಕೂತ. "ಆಹಿಸ್ತಾ ಸಾಸ್ ಲೇವ್, ಮಾ" ಎಂದ. ನಿಧಾನ ಉಸಿರು ತಗೊಳ್ಳಮ್ಮಾ ಎಂದು. ಬೇರೇನೂ ಹೇಳಲಿಲ್ಲ. ಆಕೆಗೆ ಕೇಳಿಸುವ ಹಾಗೆ ತಾನೇ ಉಸಿರು ಎಳೆದ, ಬಿಟ್ಟ. ಆಕೆಯ ಮಗ ಓಡಿ ಬರುವವರೆಗೂ ಹಾಗೆಯೇ ಕೂತಿದ್ದ.

ಆ ಅಕ್ಕನೇ ನಿಮ್ಮ ಶಂಶಾಬಾದಿನ ಅಜ್ಜಿ, ನೀವು ಚೆನ್ನಾಗಿ ಬಲ್ಲಿರಿ, ಈಗಲೂ ಎಲ್ಲರ ಮೂಗು ಒರೆಸುತ್ತಾಳೆ. ಪ್ರಾರ್ಥಿಸಿದ್ದಕ್ಕೇ ಉಳಿದಳೇ ತಾತಾ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಎದುರಿಗೆ ಕೂತಿದ್ದ ಆ ತಾಯಿ ನಮಗಿಂತ ಕಡಿಮೆ ಬೇಡಿರಲಿಲ್ಲ.

ಈಗ ಕೂಕಟ್‌ಪಲ್ಲಿಯ ಈ ಫ್ಲಾಟಿನಲ್ಲಿ ನೀವು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತೀರಿ, ಅದು ಎಲ್ಲಿಗೆ ಹೋಗುತ್ತದೆಂಬ ಚಿಂತೆಯೇ ನಿಮಗಿಲ್ಲ. ಪರೀಕ್ಷೆಯ ಹಿಂದಿನ ದಿನ ನಿಮ್ಮ ಮುಖ ಬಾಡಿದಾಗ, ಉಸಿರು ಎಳೆ, ಉಸಿರು ಬಿಡು ಎಂದು ಕೈಗಡಿಯಾರವೇ ಹೇಳಿಕೊಡುತ್ತದೆ. ಒಳ್ಳೆಯದೇ, ನಾನು ಗೊಣಗುವುದಿಲ್ಲ. ಮೊನ್ನೆ ನನ್ನ ಕಣ್ಣು ತೋರಿಸಲು ಹೋದ ಆಸ್ಪತ್ರೆಯಲ್ಲಿ ತಂಪು ಗಾಳಿಯಿತ್ತು, ಒಬ್ಬೊಬ್ಬರಿಗೂ ಒಂದೊಂದು ಮೆತ್ತನೆಯ ಕುರ್ಚಿ, ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ವೈರು. ಮೂಲೆಯಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು. ನಿಮ್ಮಲ್ಲಿ ಒಬ್ಬರು ನನ್ನನ್ನು ಕೇಳಿದಿರಿ, ತಾತಾ, ಅವಳು ನಮಗೆ ಗುರುತಿಲ್ಲವಲ್ಲ, ಮಾತಾಡಬಹುದೇ ಎಂದು.

ಮಾತು ಬೇಕಿಲ್ಲ ಮರಿ. ಇನ್ನೊಮ್ಮೆ ಹಾಗೆ ಯಾರಾದರೂ ಕಂಡರೆ, ಹೋಗಿ ಪಕ್ಕದಲ್ಲಿ ಕೂತುಕೋ.