ಹಿಮದಲ್ಲಿ ನಿಂತ ಕುದುರೆಗಳೂ ನನ್ನ ಅತ್ತೆಯೂ

ಅತ್ತೆ ಹಿರೋಷಿಮಾಕ್ಕೆ ಬಂದಿದ್ದು ಡಿಸೆಂಬರ್ ಮೊದಲ ವಾರದಲ್ಲಿ, ಮೂರು ತಿಂಗಳ ವೀಸಾ ಮೇಲೆ. ಮೈಸೂರಿನ ಚಳಿಯನ್ನೇ ತಡೆಯಲಾರದವರು, ಏಪ್ರಿಲ್‌ನಲ್ಲಿ ಚೆರ್ರಿ ಹೂವು ಬಿಟ್ಟಾಗ ಬನ್ನಿ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಮೊಮ್ಮಗಳ ಹುಟ್ಟುಹಬ್ಬ ಡಿಸೆಂಬರ್‌ನಲ್ಲಿರುವಾಗ ಏಪ್ರಿಲ್‌ನಲ್ಲಿ ಬಂದು ಹೂವನ್ನು ನೋಡಿಕೊಂಡು ಕೂರಲೇ ಎಂದು ಕೇಳಿ, ಬಂದೇಬಿಟ್ಟರು. ಸ್ವೆಟರ್ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ಸೀರೆಯ ಒಳಗೆ ಮಗನ ಹಳೆಯ ಟ್ರ್ಯಾಕ್ ಪ್ಯಾಂಟು.

ಮೊದಲೆರಡು ವಾರ ನಮ್ಮಿಬ್ಬರಿಗೂ ಸುಲಭವಾಗಿರಲಿಲ್ಲ. ನಾನೂ ನನ್ನ ಗಂಡನೂ ಕಾರಿನ ಬಿಡಿಭಾಗ ತಯಾರಿಸುವ ಬೇರೆಬೇರೆ ಕಂಪನಿಗಳಲ್ಲಿ ಎಂಜಿನಿಯರ್‌ಗಳು. ಬೆಳಿಗ್ಗೆ ಏಳೂವರೆಗೆ ಮನೆ ಖಾಲಿ. ಅತ್ತೆ ಹೀಟರ್ ಮುಂದೆ ಕೂತು, ಬಾಲ್ಕನಿಯಿಂದ ಎದುರಿನ ಕೊಂಬಿನಿ ಅಂಗಡಿಗೆ ಹೋಗಿಬರುವವರನ್ನು ನೋಡಿ, ನನ್ನ ಅಡುಗೆಮನೆಯ ಡಬ್ಬಿಗಳನ್ನು ತಮಗೆ ಸರಿಕಂಡಂತೆ ಜೋಡಿಸುತ್ತಿದ್ದರು. ಸಂಜೆ ಬಂದು ನಾನು ಅವನ್ನು ಮತ್ತೆ ಮೊದಲಿನಂತೆ ಇಡುತ್ತಿದ್ದೆ. ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡು ಪರಸ್ಪರ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿಕೊಳ್ಳುವ ಸಹೋದ್ಯೋಗಿಗಳ ಹಾಗಿತ್ತು ನಮ್ಮ ಮರ್ಯಾದೆ.

ಮಗಳಿಗೆ ಆಗಷ್ಟೇ ಒಂಬತ್ತು ತುಂಬಿತ್ತು. ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನೀಯಲ್ಲೋ ಬರುತ್ತದೆ. ಪ್ರತಿ ಶನಿವಾರ ಅವಳಿಗೆ ಕುದುರೆ ಸವಾರಿಯ ಕ್ಲಾಸು. ಊರಿನಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ ಗುಡ್ಡ ಹತ್ತಿದರೆ ಸಿಗುವ ಸಣ್ಣ ಲಾಯ ಅದು. ಐದೇ ಕುದುರೆ. ನಡೆಸುವವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಮಕ್ಕಳಂತೆ ನಾವೂ ಅವರನ್ನು ಸೆನ್ಸೆಯ್, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದೆವು. ಆ ಶನಿವಾರ ಅತ್ತೆಯೊಬ್ಬರನ್ನೇ ಮನೆಯಲ್ಲಿ ಬಿಡಲು ಮನಸ್ಸಾಗದೆ ಅವರನ್ನೂ ಕಾರಿಗೆ ಹತ್ತಿಸಿಕೊಂಡೆವು.

ಹಿಂದಿನ ದಿನ ಗುಡ್ಡದ ಮೇಲೆ ಹಿಮ ಬಿದ್ದಿತ್ತು. ಮಕ್ಕಳು ಸವಾರಿ ಮಾಡುವ ಮೂರು ಕುದುರೆಗಳು ಲಾಯದೊಳಗಿದ್ದವು. ಉಳಿದ ಎರಡು, ಒಂದು ಮುದಿ ಬಿಳಿ ಕುದುರೆ, ಇನ್ನೊಂದು ಭಾರೀ ಗಾತ್ರದ ಕಂದು ಹೆಣ್ಣು ಕುದುರೆ, ಬಯಲಿನಲ್ಲೇ ನಿಂತಿದ್ದವು. ಮೂರು ಗೋಡೆಯ ಒಂದು ತೆರೆದ ಕೊಟ್ಟಿಗೆ ಅಲ್ಲೇ ಇತ್ತು. ಅದರೊಳಗೆ ಹೋಗದೆ, ಬೆನ್ನ ಮೇಲೆ ಬೆರಳು ದಪ್ಪ ಹಿಮ ಹೊತ್ತುಕೊಂಡು ಹುಲ್ಲು ಮೇಯುತ್ತಿದ್ದವು.

ಅತ್ತೆ ಕಾರಿನಿಂದ ಇಳಿದು ನೋಡಿದವರು ಅಲ್ಲೇ ನಿಂತುಬಿಟ್ಟರು.

"ಏನಮ್ಮಾ ಇದು? ಬಾಯಿಲ್ಲದ ಪ್ರಾಣೀನ ಹಿಂಗೆ ಮಂಜಲ್ಲಿ ನಿಲ್ಸವ್ರಲ್ಲ, ಈಯಮ್ಮಂಗೆ ಕರುಣೆ ಅನ್ನೋದು ಇಲ್ವಾ? ಕೇಳು ನೀನು, ನಾನು ಕೇಳ್ದೆ ಅಂತಾನೇ ಕೇಳು."

ನಾನು ನಮ್ಮನ್ನು ಎದುರುಗೊಳ್ಳಲು ಬಂದಿದ್ದ ಸೆನ್ಸೆಯ್ ಕಡೆ ತಿರುಗಿ, ಕುದುರೆಗಳಿಗೆ ಹಿಮ ಬಹಳ ಇಷ್ಟವೇನೋ ಎಂದು ನಮ್ಮ ಅತ್ತೆ ಕೇಳುತ್ತಿದ್ದಾರೆ ಎಂದೆ. ಪಕ್ಕದಲ್ಲಿದ್ದ ಮಗಳು ನನ್ನನ್ನು ಅಚ್ಚರಿಯಿಂದ ನೋಡಿ, ಹಾಗಲ್ಲ, ನಿಮಗೆ ಕರುಣೆ ಇಲ್ಲವೇ ಎಂದು ಅಜ್ಜಿ ಕೇಳಿದ್ದು ಎಂದು ಸ್ವಚ್ಛವಾದ ಜಪಾನೀಯಲ್ಲಿ ತಿದ್ದಿದಳು. ನನಗೆ ಹಿಮದೊಳಗೆ ಹೂತುಹೋದರೆ ಸಾಕೆನ್ನಿಸಿತು.

ಸೆನ್ಸೆಯ್ ಬೇಸರಪಟ್ಟುಕೊಳ್ಳಲಿಲ್ಲ. ಬೇಲಿ ದಾಟಿಸಿ ಅತ್ತೆಯನ್ನು ಬಿಳಿ ಕುದುರೆಯ ಬಳಿಗೆ ಕರೆದುಕೊಂಡು ಹೋದರು. ಅತ್ತೆಯ ಕೈಗವಸು ಕಳಚಿ, ಆ ಕೈಯನ್ನು ಕುದುರೆಯ ಎದೆಯ ದಟ್ಟ ರೋಮದೊಳಗೆ ಮಣಿಕಟ್ಟಿನವರೆಗೆ ತೂರಿಸಿದರು. ಅತ್ತೆಯ ಮುಖದ ಗಂಟು ನಿಧಾನವಾಗಿ ಬಿಚ್ಚಿತು. "ಒಲೆ ಥರಾ ಇದೆಯಲ್ಲೇ," ಎಂದರು.

ಆಮೇಲೆ ಸೆನ್ಸೆಯ್ ಹೇಳಿದ್ದನ್ನು ಮಗಳು ಅರ್ಧ, ನಾನು ಅರ್ಧ ಕನ್ನಡಕ್ಕೆ ತಂದೆವು. ಬೆನ್ನ ಮೇಲಿನ ಹಿಮ ಕರಗಿಲ್ಲವೆಂದರೆ ಒಳಗಿನ ಬಿಸಿ ಹೊರಗೆ ಸೋರುತ್ತಿಲ್ಲ ಎಂದರ್ಥ. ಚಳಿಗಾಲ ಬರುವ ಮೊದಲೇ ಅವುಗಳಿಗೆ ಎರಡನೆಯ ರೋಮ ಬೆಳೆಯುತ್ತದೆ. ಹೊಟ್ಟೆ ತುಂಬ ಒಣಹುಲ್ಲು ಇದ್ದರೆ ಅದು ಜೀರ್ಣವಾಗುತ್ತಲೇ ಮೈ ಕಾಯಿಸುತ್ತದೆ. ಬಿಳಿ ಕುದುರೆಗೆ ಶ್ವಾಸಕೋಶ ಸೂಕ್ಷ್ಮ, ಬಾಗಿಲು ಮುಚ್ಚಿದ ಲಾಯದ ಧೂಳಿಗೆ ಕೆಮ್ಮು ಬರುತ್ತದೆ, ಅದಕ್ಕೇ ಹೊರಗೆ. ಹಿಮಕ್ಕಿಂತ ಕೆಟ್ಟದ್ದು ಚಳಿಗಾಲದ ಮಳೆ. ರೋಮ ತೊಯ್ದರೆ ಮಾತ್ರ ತಾವು ಕಂಬಳಿ ಹೊದಿಸುವುದು. ಅತ್ತೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡರು. ಕೇಳುತ್ತಲೇ ಬಗ್ಗಿ ಕುದುರೆಯ ಮುಂಗಾಲನ್ನು ಸವರಿದರು. ಅದು ತಾನಾಗಿ ಗೊರಸು ಎತ್ತಿಕೊಟ್ಟಿತು. ಗೊರಸಿನೊಳಗೆ ಗಟ್ಟಿಯಾಗಿದ್ದ ಹಿಮದ ಉಂಡೆಯನ್ನು ಒಂದು ಕಡ್ಡಿಯಿಂದ ಎಬ್ಬಿಸಿ ತೆಗೆದು, ಕಾಲನ್ನು ಮೆಲ್ಲನೆ ಕೆಳಗಿಟ್ಟರು.

ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದಾಗ, ಮೈಸೂರಲ್ಲಿ ಕುದುರೆ ನೋಡದವರು ಯಾರಿದ್ದಾರೆ ಎಂದು ಮಾತು ತೇಲಿಸಿಬಿಟ್ಟರು.

ಅಂದಿನಿಂದ ಅತ್ತೆ ವಾರವಿಡೀ ಶನಿವಾರಕ್ಕೆ ಕಾಯತೊಡಗಿದರು. ಸೆನ್ಸೆಯ್ ಅವರ ಬಾಯಲ್ಲಿ ಸೆನ್ಸಮ್ಮ ಆದರು. ಹೊಸವರ್ಷದ ರಜೆಯಲ್ಲಿ ನಾವು ಹೆಚ್ಚುಕಡಿಮೆ ದಿನ ಬಿಟ್ಟು ದಿನ ಗುಡ್ಡ ಹತ್ತಿದೆವು. ಅತ್ತೆಯೂ ಸೆನ್ಸೆಯ್ಯೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮುಖ್ಯವಾದದ್ದೇನಾದರೂ ಇದ್ದರೆ ಮಗಳನ್ನು ಕೂಗುತ್ತಿದ್ದರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹೋದಾಗ ಅತ್ತೆ ಎಂದಿನಂತೆ ನೇರ ಬಯಲಿಗೆ ನಡೆದರು. ಬಿಳಿ ಕುದುರೆ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಎದುರಿಗಿದ್ದ ಹುಲ್ಲು ಹಾಗೇ ಇತ್ತು. ಅತ್ತೆ ಅದರ ಮುಖ ನೋಡುವ ಬದಲು ಹಿಂದಕ್ಕೆ ಹೋಗಿ ನೆಲ ಹುಡುಕಿದರು. ಎರಡು ಲದ್ದಿಯುಂಡೆ ಎತ್ತಿಕೊಂಡು ಕೈಯಲ್ಲೇ ಮುರಿದರು. ಒಣಗಿದ ಬೆರಣಿಯಂತೆ ಪುಡಿಯಾಯಿತು.

"ನೀರು ಕುಡ್ದಿಲ್ಲ ಇದು. ಎರಡು ದಿನ ಆಗಿರ್ಬೇಕು. ಹೊಟ್ಟೆ ಕಟ್ಕೊಳ್ತಾ ಇದೆ, ಸೆನ್ಸಮ್ಮನ್ನ ಕರಿ."

ಲದ್ದಿ ಎಂಬ ಪದ ಮಗಳಿಗೆ ಗೊತ್ತಿರಲಿಲ್ಲ. ಅಜ್ಜಿಯ ಅಂಗೈ ನೋಡಿ ತಿಳಿದುಕೊಂಡು ಓಡಿದಳು. ಸೆನ್ಸೆಯ್ ಬಂದು ನೋಡಿ, ಕುದುರೆಯ ಪಕ್ಕೆಗೆ ಕಿವಿಯಿಟ್ಟು ಆಲಿಸಿ, ನೇರ ನೀರಿನ ತೊಟ್ಟಿಯತ್ತ ನಡೆದರು. ನೀರಿನ ತೊಟ್ಟಿಯ ಮೇಲಿನ ಮಂಜುಗಡ್ಡೆಯನ್ನು ಅವರು ದಿನವೂ ಒಡೆಯುತ್ತಿದ್ದುದು ನಿಜ. ಆದರೆ ಅಷ್ಟು ತಣ್ಣನೆಯ ನೀರು ಮುದಿ ಹಲ್ಲಿಗೆ ಆಗಿಬಂದಿರಲಿಲ್ಲ. ಜೊತೆಗೆ ಆ ಕಂದು ಹೆಣ್ಣು ತೊಟ್ಟಿಯನ್ನು ತನ್ನದೆಂದು ತಿಳಿದು ಇದನ್ನು ಹತ್ತಿರ ಬರಗೊಡುತ್ತಿರಲಿಲ್ಲ. ತಾನು ಗಮನಿಸಬೇಕಿತ್ತು ಎಂದು ಸೆನ್ಸೆಯ್ ಅತ್ತೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅತ್ತೆ ಗಾಬರಿಯಾಗಿ ತಾವೂ ಬಗ್ಗಿದರು.

ಸೆನ್ಸೆಯ್ ಪಶುವೈದ್ಯರಿಗೆ ಫೋನ್ ಮಾಡಿದರು. ದಾರಿಯಲ್ಲಿ ಹಿಮವಿದೆ, ಬರಲು ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ಹುಲ್ಲು ಕೊಡಬೇಡಿ, ಒಳಗೆ ಕರೆದುಕೊಂಡು ಸ್ವಲ್ಪ ಸ್ವಲ್ಪ ನಡೆಸಿ, ಉಗುರುಬೆಚ್ಚಗಿನ ನೀರು ಕುಡಿಸಲು ನೋಡಿ ಎಂದರು ವೈದ್ಯರು. ಲಾಯದ ಒಲೆಯ ಮೇಲೆ ಕೆಟಲಿನಲ್ಲಿ ನೀರು ಕಾಯಿಸಿ, ಬಕೆಟಿನಲ್ಲಿ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಮುಂದಿಟ್ಟೆವು. ಕುದುರೆ ಮೂಸಿ ಮುಖ ತಿರುಗಿಸಿತು. ನಡೆಸಿದೆವು, ಮತ್ತೆ ಇಟ್ಟೆವು. ಮತ್ತೆ ತಿರುಗಿಸಿತು. ಮಗಳ ಕಣ್ಣು ತುಂಬಿತ್ತು.

ಆಗ ಅತ್ತೆ ನಮ್ಮನ್ನೆಲ್ಲ ದೂರ ಸರಿಯಲು ಹೇಳಿದರು. ಬಕೆಟನ್ನು ತಮ್ಮ ಮಂಡಿಯ ಎತ್ತರಕ್ಕೆ ಒಂದು ಮರದ ತುಂಡಿನ ಮೇಲಿಟ್ಟರು. ಒದ್ದೆ ಬೆರಳಿನಿಂದ ಕುದುರೆಯ ತುಟಿ ಸವರಿದರು. ಆಮೇಲೆ ಒಂದು ಸಲ ನನ್ನ ಕಡೆ ನೋಡಿ, ನಾಚಿಕೊಂಡವರಂತೆ ಮುಖ ಆ ಕಡೆ ಮಾಡಿ, ತುಟಿ ಚೂಪು ಮಾಡಿ ಸಿಳ್ಳೆ ಹಾಕತೊಡಗಿದರು.

ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದೆಂದು ನನ್ನ ಮಗಳಿಗೆ ಹಿಂದಿನ ವಾರವಷ್ಟೇ ಹೇಳಿದ್ದವರು ಇವರೇ. ಜೋರು ಸಿಳ್ಳೆಯಲ್ಲ ಅದು. ಸಣ್ಣಗೆ, ಏರಿಳಿತವಿಲ್ಲದೆ, ಉಸಿರೆಳೆದುಕೊಳ್ಳಲು ಮಾತ್ರ ನಿಲ್ಲಿಸಿ ಮತ್ತೆ ಮುಂದುವರಿಯುವಂಥದ್ದು. ಕುದುರೆಯ ಕಿವಿ ಅವರತ್ತ ತಿರುಗಿತು. ಮೂತಿ ನೀರಿಗಿಳಿಯಿತು. ಗಂಟಲಿನಲ್ಲಿ ಗುಟುಕು ಇಳಿಯುವುದು ನಮಗೆ ಹೊರಗಿನಿಂದಲೇ ಕಾಣುತ್ತಿತ್ತು. ಅರ್ಧ ಬಕೆಟ್ ಮುಗಿಯುವವರೆಗೂ ಅತ್ತೆ ಸಿಳ್ಳೆ ನಿಲ್ಲಿಸಲಿಲ್ಲ.

ಕುದುರೆ ತಲೆಯೆತ್ತಿದ ಮೇಲೆ ಅವರು ಹುಲ್ಲಿನ ಮೂಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಪಕ್ಕದಲ್ಲಿ ಕೂತೆ.

"ನಮ್ಮಪ್ಪ ಜಟಕಾ ಹೊಡೀತಿದ್ರು," ಎಂದರು. "ಸ್ಟೇಷನ್ನಿಂದ ಮಾರ್ಕೆಟ್ಟಿಗೆ. ಕುದುರೆಗೆ ನೀರು ಕುಡಿಸೋ ಕೆಲಸ ನಂದು. ಸಿಳ್ಳೆ ಅವರೇ ಹೇಳ್ಕೊಟ್ಟಿದ್ದು."

ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ತಾಯಿಯ ತಂದೆ ಟ್ರಾನ್ಸ್‌ಪೋರ್ಟ್ ಬಿಸಿನೆಸ್‌ನಲ್ಲಿದ್ದರು ಎಂದು ಹೇಳಲಾಗಿತ್ತು. ನಾನು ಈ ಹನ್ನೆರಡು ವರ್ಷವೂ ಲಾರಿಗಳ ಸಾಲನ್ನು ಕಲ್ಪಿಸಿಕೊಂಡಿದ್ದೆ. ಅದನ್ನು ಹೇಳಿದಾಗ ಅತ್ತೆ ಬಿದ್ದುಬಿದ್ದು ನಕ್ಕರು. ಹಾಗೆ ಹೇಳಬೇಕೆಂದು ಕಲಿಸಿದ್ದು ಅವರ ಅತ್ತೆಯಂತೆ. ಮಾವನವರ ಮೇಷ್ಟ್ರ ಮನೆತನಕ್ಕೆ ಜಟಕಾದವನ ಮಗಳು ಸೊಸೆಯಾಗಿ ಬಂದಳೆಂದು ಬೀದಿಯವರು ಆಡಿಕೊಳ್ಳಬಾರದಲ್ಲ. ಮೊದಮೊದಲು ಬಾಯಿ ಕಟ್ಟಿಕೊಂಡಿದ್ದು, ಆಮೇಲೆ ಅಭ್ಯಾಸವಾಗಿ, ಕೊನೆಗೆ ಯಾರೂ ಕೇಳುವವರೇ ಇರಲಿಲ್ಲ ಎಂದರು. ಅಷ್ಟು ಹೇಳುವಾಗಲೂ ಅವರ ಕಣ್ಣು ಕುದುರೆಯ ಮೇಲೇ ಇತ್ತು.

ವೈದ್ಯರು ಹನ್ನೆರಡೂವರೆಗೆ ಬಂದರು. ಹೊಟ್ಟೆಯ ಸದ್ದು ಕೇಳಿ, ಒಂದು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಸಿಳ್ಳೆಯ ವಿಷಯ ಮಗಳು ಅಭಿನಯಿಸಿ ತೋರಿಸಿದಾಗ, ನೀರು ಬೆಚ್ಚಗಿತ್ತು, ಉಪ್ಪಿತ್ತು, ಕುದುರೆಗೆ ಬಾಯಾರಿತ್ತು, ಅದಕ್ಕೆ ಕುಡಿದಿರಬೇಕು ಎಂದರು. ಅತ್ತೆಗೆ ಅದನ್ನು ಅನುವಾದಿಸಿದೆ. ಇರಬಹುದು ಎಂದರು, ವಾದ ಮಾಡಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಬಿಳಿ ಕುದುರೆ ಬಾಲವೆತ್ತಿತು. ಹಬೆಯಾಡುವ, ಮೆತ್ತನೆಯ ಲದ್ದಿ ಒಂದರ ಹಿಂದೊಂದು ಬಿತ್ತು. ಅಲ್ಲೇ ಉಳಿದಿದ್ದ ವೈದ್ಯರೂ ನನ್ನ ಗಂಡನೂ ಸೇರಿ ಐದು ಜನ ದೊಡ್ಡವರು, ಒಬ್ಬ ಹುಡುಗಿ, ಎಲ್ಲರೂ ಚಪ್ಪಾಳೆ ತಟ್ಟಿದೆವು. ಸೆನ್ಸೆಯ್ ಅತ್ತೆಯ ಎರಡೂ ಕೈ ಹಿಡಿದುಕೊಂಡು ಅರಿಗಾತೋ, ಅರಿಗಾತೋ ಎನ್ನುತ್ತಲೇ ಇದ್ದರು. ಲದ್ದಿ ನೋಡಿ ಅಷ್ಟು ಸಂತೋಷಪಟ್ಟ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಮರುವಾರವೇ ಬಯಲಿನಲ್ಲಿ ಎರಡನೆಯ ತೊಟ್ಟಿ ಬಂತು, ಮೊದಲನೆಯದರಿಂದ ಸಾಕಷ್ಟು ದೂರದಲ್ಲಿ. ದಿನಕ್ಕೆ ಎರಡು ಹೊತ್ತು ಬಿಸಿನೀರು ಬೆರೆಸುವುದನ್ನು ಸೆನ್ಸೆಯ್ ಗೋಡೆಯ ಪಟ್ಟಿಯಲ್ಲಿ ಬರೆದರು. ಅತ್ತೆ ಅಲ್ಲಿಗೆ ನಿಲ್ಲಲಿಲ್ಲ. ಚಳಿಗೆ ಬೇಯಿಸಿದ ಹುರುಳಿಯನ್ನು ಬಿಟ್ಟರೆ ಇನ್ನೊಂದಿಲ್ಲ ಎಂದು ಹಟ ಹಿಡಿದರು. ಟೋಕಿಯೋದ ಎಡೋಗಾವಾದಲ್ಲಿರುವ ಒಂದು ಇಂಡಿಯನ್ ಅಂಗಡಿಯಿಂದ ನಾನು ಐದು ಕಿಲೋ ಹುರುಳಿಕಾಳು ಪಾರ್ಸೆಲ್ ತರಿಸಿದೆ. ಸೆನ್ಸೆಯ್ ಒಂದು ಕಾಳನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿ, ವೈದ್ಯರನ್ನು ಕೇಳಿಯೇ ಒಪ್ಪಿದರು: ಚೆನ್ನಾಗಿ ಬೆಂದಿರಬೇಕು, ಒಂದು ಹಿಡಿಗಿಂತ ಹೆಚ್ಚು ಬೇಡ. ಕುದುರೆಗೆ ಕಾಳು, ನಮಗೆ ಕಟ್ಟು. ಆ ಕಟ್ಟಿಗೆ ಅತ್ತೆ ಲಾಯದ ಒಲೆಯ ಮೇಲೇ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದರು. ಸೆನ್ಸೆಯ್ ತಮ್ಮ ಚಹಾ ಬಟ್ಟಲಿನಲ್ಲಿ ಮೂರು ಸಲ ಹಾಕಿಸಿಕೊಂಡು, ಕೊಂಬಿನಿಯಿಂದ ತಂದ ಅನ್ನದುಂಡೆಯನ್ನು ಅದರಲ್ಲಿ ಅದ್ದಿ ತಿಂದರು. ಮಗಳೂ ತಿಂದಳು. ಮನೆಯಲ್ಲಿ ನಾನು ಮಾಡಿದಾಗ ಅವಳು ಅದನ್ನು ಮುಟ್ಟುವುದಿಲ್ಲ.

ಜಟಕಾದ ಕಥೆಯನ್ನು ನನ್ನ ಗಂಡನೂ ಮೊದಲ ಸಲ ಕೇಳಿದ್ದು ಆ ದಿನಗಳಲ್ಲೇ. ಅಜ್ಜ ಯಾವ ಬಣ್ಣದ ಕುದುರೆ ಇಟ್ಟಿದ್ದರು, ಗಾಡಿಯಲ್ಲಿ ಎಷ್ಟು ಜನ ಕೂರುತ್ತಿದ್ದರು, ಹೀಗೆ ಸಣ್ಣ ಹುಡುಗನಂತೆ ಒಂದೊಂದೇ ಕೇಳುತ್ತಿದ್ದ. ಅತ್ತೆ ಕಾರಿನಲ್ಲಿ ಹೋಗುವಾಗ ಬರುವಾಗ ಹೇಳುತ್ತಿದ್ದರು. ಮಗಳು ಹಿಂದಿನ ಸೀಟಿನಿಂದ ತನ್ನ ಪ್ರಶ್ನೆಗಳನ್ನು ಸೇರಿಸುತ್ತಿದ್ದಳು. ಮೊದಲು ಜಪಾನೀಯಲ್ಲಿ ಶುರುಮಾಡಿ, ಅಜ್ಜಿಗೆ ತಿಳಿಯದೆ ಕಥೆ ನಿಂತುಹೋಗುವುದು ಕಂಡು, ಕನ್ನಡಕ್ಕೆ ಹೊರಳುತ್ತಿದ್ದಳು. ವ್ಯಾಕರಣ ಅಷ್ಟಕ್ಕಷ್ಟೇ. ಅತ್ತೆ ತಿದ್ದುತ್ತಿರಲಿಲ್ಲ, ನಾನೂ ತಿದ್ದಲಿಲ್ಲ.

ಅಡುಗೆಮನೆಯ ಡಬ್ಬಿಗಳು ಅತ್ತೆ ಇಟ್ಟಲ್ಲೇ ಉಳಿದವು. ಆ ಜೋಡಣೆಯೇ ಸರಿಯೆಂದು ನನಗೂ ಅಷ್ಟರಲ್ಲಿ ಅನ್ನಿಸಿತ್ತು.

ಫೆಬ್ರವರಿ ಕೊನೆಗೆ, ಅತ್ತೆ ಹೊರಡುವ ಹಿಂದಿನ ಶನಿವಾರ, ಮೊಣಕಾಲುದ್ದ ಹಿಮ ಬಿದ್ದಿತ್ತು. ನಾವು ಹೋಗುವಷ್ಟರಲ್ಲಿ ಸೆನ್ಸೆಯ್ ಹಿತ್ತಲಿನಿಂದ ಹಿಮದ ಮೇಲೆ ಜಾರುವ, ಗಾಲಿಯಿಲ್ಲದ ಒಂದು ಮರದ ಬಂಡಿ ಹೊರತೆಗೆದಿದ್ದರು. ಹಿಂದೆ ಅವರ ತಂದೆ ಕಾಡಿನಿಂದ ಮರದ ದಿಮ್ಮಿ ಎಳೆಸುತ್ತಿದ್ದ ಬಂಡಿಯಂತೆ. ಅದಕ್ಕೆ ಆ ಭಾರೀ ಕಂದು ಹೆಣ್ಣನ್ನು ಕಟ್ಟಿಯಾಗಿತ್ತು. ಸೆನ್ಸೆಯ್ ಲಗಾಮನ್ನು ತಂದು ಎರಡೂ ಕೈಯಿಂದ ಅತ್ತೆಗೆ ಒಪ್ಪಿಸಿದರು.

ಅತ್ತೆ ಬೇಡವೆನ್ನಲಿಲ್ಲ. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೂಟುಗಾಲನ್ನು ಮುಂದಿನ ಹಲಗೆಗೆ ಒತ್ತಿ ಕೂತರು. ಮಗಳು ಅವರ ಬೆನ್ನಿಗೆ ಅಂಟಿಕೊಂಡಳು, ಹಿಂದೆ ನಾನು. ನೀರು ಕುಡಿಸಲು ಬಿಡುತ್ತಿದ್ದ ಅಪ್ಪ ಲಗಾಮು ಮಾತ್ರ ಅಣ್ಣಂದಿರಿಗೇ ಕೊಡುತ್ತಿದ್ದರು ಎಂದು, ನಾಲಿಗೆಯಿಂದ ಒಂದು ಸದ್ದು ಮಾಡಿ ಕುದುರೆಯನ್ನು ಹೊರಡಿಸಿದ ಮೇಲೆ, ತಿರುಗಿ ನೋಡದೆಯೇ ಅತ್ತೆ ಹೇಳಿದರು. ಬಂಡಿ ಬಯಲಿನ ಅಂಚಿನುದ್ದಕ್ಕೂ ಹಗುರವಾಗಿ ಜಾರಿತು. ಗೊರಸಿನಿಂದ ಸಿಡಿದ ಹಿಮ ನಮ್ಮ ಮುಖಕ್ಕೆ ಹಾರುತ್ತಿತ್ತು. ಮಗಳು "ಅಜ್ಜಿ, ಇನ್ನೂ ಫಾಸ್ಟ್ ಹೋಗು" ಎಂದಳು. ಅತ್ತೆ ಇನ್ನೂ ಫಾಸ್ಟ್ ಹೋದರು.

ಮೂರನೆಯ ಸುತ್ತಿಗೆ ಅವರು ಸರಿದು ಕೂತು, ನನ್ನನ್ನು ಮುಂದಕ್ಕೆ ಕರೆದು ಲಗಾಮನ್ನು ನನ್ನ ಕೈಗಿಟ್ಟರು. ನಾನು ಹೆದರಿ ಬಿಗಿಯಾಗಿ ಹಿಡಿದೆ, ಕುದುರೆ ನಿಂತೇಬಿಟ್ಟಿತು.

"ಬಿಡಮ್ಮಾ, ಸಡಿಲ ಬಿಡು. ಅದಕ್ಕೆ ದಾರಿ ಗೊತ್ತಿದೆ."

ಸಡಿಲ ಬಿಟ್ಟೆ. ಕುದುರೆ ನಡೆಯಿತು. ಬೇಲಿಯ ಆಚೆ ನನ್ನ ಗಂಡ ಫೋನ್ ಹಿಡಿದು ವೀಡಿಯೋ ಮಾಡುತ್ತ ಏನೋ ಕೂಗುತ್ತಿದ್ದ, ಗಾಳಿಗೆ ಕೇಳಿಸಲಿಲ್ಲ. ಸೆನ್ಸೆಯ್ ಅವನ ಪಕ್ಕದಲ್ಲಿ ಕೈ ಬೀಸುತ್ತಿದ್ದರು.

ವಾಪಸು ಬರುವಾಗ ಕಾರಿನ ತುಂಬ ಕುದುರೆ ವಾಸನೆ. ಗಂಡ ಕಿಟಕಿಯ ಗಾಜು ಸ್ವಲ್ಪ ಇಳಿಸಿದ. ಚಳಿಯಾಗುತ್ತದೆ, ಏರಿಸು ಎಂದು ಅತ್ತೆ ಗದರಿದರು. ಅವನು ಏರಿಸಿದ.