ಅಣ್ಣನ ಅಳತೆಯ ಪೆಟ್ಟಿಗೆ

ಶವಪೆಟ್ಟಿಗೆ ಮಾಡುವ ಆ ಬಡಗಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಮನುಷ್ಯನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರೆ ಸಾಕು, ಹಲಗೆ ಎಷ್ಟುದ್ದ ಬೇಕೆಂದು ಹೇಳಿಬಿಡುತ್ತಿದ್ದ. ಮದುವೆಮನೆಯಲ್ಲಿ ಅವನನ್ನು ಕಂಡರೆ ಎದ್ದು ನಿಂತರೆ ಅಳತೆ ಸಿಕ್ಕಿಬಿಟ್ಟೀತೆಂದು ಮುದುಕರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಅಂಗಡಿ ಅವನದೂ ಅವನ ಅಣ್ಣನದೂ. ಅಣ್ಣನ ಕೆಲಸ ಗಟ್ಟಿ, ಬಾಯಿ ಇನ್ನೂ ಗಟ್ಟಿ. ತಮ್ಮ ಮಾಡಿದ ಯಾವ ಜೋಡಣೆಯೂ ಅವನ ಕಣ್ಣಿಗೆ ಸರಿಬರುತ್ತಿರಲಿಲ್ಲ. ತಲೆ ನರೆತ ಮೇಲೂ ಗಿರಾಕಿಗಳ ಎದುರೇ ತಮ್ಮ ಬೈಸಿಕೊಳ್ಳಬೇಕಿತ್ತು.

ಆ ಅಣ್ಣ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದ. ವೈದ್ಯರು ಕೈಚೆಲ್ಲಿದ ದಿನ ಪಾದ್ರಿಗಳು ಬಂದು ಪ್ರಾರ್ಥಿಸಿದರು. ಎಲ್ಲರೂ ಕಣ್ಣು ಮುಚ್ಚಿದ್ದಾಗ ಬಡಗಿಯ ಕಣ್ಣು ಮಾತ್ರ ಅಣ್ಣನ ತಲೆಯಿಂದ ಹೊರಟು ಪಾದ ಮುಟ್ಟಿ ಬಂತು. ಬರೀ ಕಸುಬಿನ ಚಾಳಿಯಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಇನ್ನು ಮೇಲೆ ಬೈಯುವವರಿಲ್ಲ ಎಂದು ಅವನ ಮನಸ್ಸು ಹಗುರಾಗಿಬಿಟ್ಟಿತು! ನೇರ ಅಂಗಡಿಗೆ ಹೋಗಿ ಹಲಗೆ ಕೊಯ್ದ. ಸಂಜೆಯೊಳಗೆ ಪೆಟ್ಟಿಗೆ ಮುಗಿಯಿತು.

ಅಣ್ಣ ಸಾಯಲಿಲ್ಲ. ಎದ್ದು ಕೂತ, ಹೆಂಡತಿಯನ್ನು ಬೈದ. ಆಗ ಮನೆಯವರಿಗೆಲ್ಲ ಧೈರ್ಯ ಬಂತು.

ಬಡಗಿ ಪೆಟ್ಟಿಗೆಗೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ. ಬೇರೆಯವರಿಗೆ ಕೊಡೋಣವೆಂದರೆ ಅಷ್ಟು ಉದ್ದದವರು ಯಾರೂ ಸಾಯಲಿಲ್ಲ. ಒಡೆಯಲು ಕೈ ಬರಲಿಲ್ಲ. ಬೈಬಲಿನಲ್ಲಿ ಒಡಹುಟ್ಟಿದ ತಮ್ಮನನ್ನೇ ಕೊಂದ ಕಾಯಿನನ ಕಥೆಯನ್ನು ಪಾದ್ರಿಗಳು ಎತ್ತಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರಿಗೂ ಹಂಚುವ ಪ್ರಭುಭೋಜನದ ರೊಟ್ಟಿ ಬಂದಾಗ ಕೆಮ್ಮಿನ ನೆಪ ಹೇಳಿ ಹೊರಗೆ ಹೋಗುತ್ತಿದ್ದ. ಒಡಹುಟ್ಟಿದವನ ಸಾವಿಗೆ ಹಿಗ್ಗಿದವನು ಅದನ್ನು ಯಾವ ಬಾಯಲ್ಲಿ ತಿಂದಾನು ಎಂದು ಒಳಗೊಳಗೇ ಬೇಯುತ್ತಿದ್ದ.

ಅಣ್ಣ ಕೆಲಸಕ್ಕೆ ಮರಳಿದ ದಿನ ಅವನಿಗೆ ತಡೆಯಲಾಗಲಿಲ್ಲ. ಗೋಣಿಚೀಲ ಎಳೆದುಹಾಕಿದ.

"ಅಣ್ಣಾ, ಇದು ನಿಂಗೇ ಮಾಡಿದ್ದು. ನೀನಿನ್ನೂ ಉಸಿರಾಡ್ತಿದ್ದಾಗ. ಮಾಡುವಾಗ ನಂಗೆ ದುಃಖ ಇರ್ಲಿಲ್ಲ."

ಅಣ್ಣ ಪೆಟ್ಟಿಗೆಯ ಮೂಲೆಗಳ ಮೇಲೆ ಬೆರಳಾಡಿಸಿದ. "ನೀನು ಅಳತೆ ತಗೊಂಡಿದ್ದು, ನಿನ್ನ ಮುಖ ಹಗುರಾಗಿದ್ದು ಎರಡೂ ನೋಡ್ದೆ ಕಣೋ. ಪ್ರಾರ್ಥನೆ ಹೊತ್ತಲ್ಲಿ ನಾನೂ ಕಣ್ಣು ಮುಚ್ಚಿರ್ಲಿಲ್ಲ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದು ಬೈದೇ ಅಲ್ವಾ ನಿನ್ನನ್ನ ಅಲ್ಲಿಗೆ ತಂದಿದ್ದು? ನಾನು ಸತ್ರೆ ಒಡಹುಟ್ಟಿದ ತಮ್ಮಂಗೇ ನೆಮ್ಮದಿ ಅಂದ್ರೆ, ನಾನು ಎಂಥ ಬಾಳು ಬಾಳಿದೆ ಅಂತ ಯೋಚಿಸ್ತಾ ಮಲಗಿದ್ದೆ."

ಬಡಗಿ ಮರದ ಹೊಟ್ಟಿನ ಮೇಲೇ ಕುಸಿದು ಅತ್ತ.

ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ರೊಟ್ಟಿಯ ತಟ್ಟೆ ಸಾಲು ಸಾಲಾಗಿ ಹತ್ತಿರ ಬರುತ್ತಿದ್ದಂತೆ ಬಡಗಿ ಕೆಮ್ಮುತ್ತಾ ಎದ್ದ. ಅಣ್ಣ ಅವನ ಅಂಗಿ ಹಿಡಿದು ಎಳೆದ.

"ಎಲ್ಲಿಗೋ?"

"ನಂಗೆ ಯೋಗ್ಯತೆ ಇಲ್ಲಣ್ಣ."

"ಯೋಗ್ಯರಿಗೆ ಮಾತ್ರ ಅಂದಿದ್ರೆ ನಿನಗಿಂತ ಮೊದ್ಲು ನಾನು ಎದ್ದು ಹೋಗ್ಬೇಕಿತ್ತು. ಕೂತ್ಕೋ."

ತಟ್ಟೆ ಬಂತು. ಅಣ್ಣ ಅದನ್ನು ತಮ್ಮನ ಮುಂದೆ ಹಿಡಿದ. ಹಿಂದಿನ ಸಾಲಿನವರು ಕತ್ತು ಚಾಚಿ ನೋಡುತ್ತಿದ್ದರೂ, ತಮ್ಮ ಒಂದು ತುಣುಕು ತೆಗೆದು ಬಾಯಿಗಿಟ್ಟುಕೊಳ್ಳುವವರೆಗೆ ಅಣ್ಣ ತಾನು ಮುಟ್ಟಲಿಲ್ಲ.