ಔಟಾದವರ ಸೀಟು

2007ರಲ್ಲಿ ಕತಾರ್‌ಗೆ ಹೊಸ ಸಂಚಾರ ಕಾನೂನು ಬಂತು. ತಪ್ಪು ಮಾಡಿದರೆ ಲೈಸೆನ್ಸಿಗೆ ಪಾಯಿಂಟ್ ಬೀಳುತ್ತಿತ್ತು. ಹದಿನಾಲ್ಕು ತುಂಬಿದರೆ ಲೈಸೆನ್ಸ್ ಮೂರು ತಿಂಗಳು ಅಮಾನತು. ನಮ್ಮ ಕಚೇರಿಯ ಡ್ರೈವರ್ ಮಂಗಳೂರು ಕಡೆಯವರು, ಊರಿನಲ್ಲಿ ಕಬಡ್ಡಿ ಆಡಿದವರು.

“ಪಾಯಿಂಟ್ ತುಂಬಿದರೆ ನೀವು ಔಟ್, ಕೆಲಸವೂ ಹೋದೀತು,” ಎಂದೆ.

“ಎಂಥ ಹೆದರಿಕೆ ಮಾರಾಯ್ರೆ? ಕಬಡ್ಡಿಯಲ್ಲಿ ಎದುರಿನವ ಔಟಾದ್ರೆ ನಾವು ಪುನಃ ಒಳಗೆ!”

ಮುಂದಿನ ವರ್ಷ ಅವರ ಪಾಯಿಂಟ್ ತುಂಬಿತು. ಬದಲಿಗೆ ಬಂದ ಡ್ರೈವರ್‌ಗೆ ದಾರಿ ಗೊತ್ತಿರಲಿಲ್ಲ. ಹಾಗಾಗಿ ನಮ್ಮವರನ್ನು ಕೆಲಸದಿಂದ ತೆಗೆಯದೆ ಪಕ್ಕದ ಸೀಟಿನಲ್ಲಿ ಕೂರಿಸಿದರು. ಸಿಗ್ನಲ್ ಕೆಂಪಿದ್ದರೂ ಅವರು “ಹೋಗು, ಯಲ್ಲಾ!” ಎಂದು ಅರಬಿಯಲ್ಲೂ ಅವಸರಿಸುತ್ತಿದ್ದರು. ಆತ ಹೋಗುತ್ತಿದ್ದ.

ಮೂರು ತಿಂಗಳ ನಂತರ ನಮ್ಮವರ ಲೈಸೆನ್ಸ್ ವಾಪಸ್ ಬಂತು. ಅದೇ ವಾರ ಬದಲಿಯವನದು ಅಮಾನತಾಯಿತು. ನಾನು ಕೊನೆಯ ಸಲ ಆ ಕಾರು ಹತ್ತಿದಾಗ ಇಬ್ಬರೂ ಮುಂದೆಯೇ ಇದ್ದರು, ಸೀಟು ಅದಲುಬದಲಾಗಿತ್ತು.